ತೂಕ ಇಳಿಸಿ, ತೋಳು ಉಳಿಸಿ



ತೂಕ ಇಳಿಸುವುದು ಹೇಗೆ ಎಂದು ಹೇಳಿಕೊಡುವವರಿಗೆ ಈಗ ಬರವಿಲ್ಲ. ಮೊಬೈಲು ಒತ್ತಿದರೆ ಸಾಕು, ಒಬ್ಬರು ಬಿಸಿನೀರಿಗೆ ನಿಂಬೆಹಣ್ಣು ಹಿಂಡಿ ಅನ್ನುತ್ತಾರೆ, ಇನ್ನೊಬ್ಬರು ರಾತ್ರಿ ಊಟವನ್ನೇ ಬಿಡಿ ಅನ್ನುತ್ತಾರೆ. ಹಾಗಾಗಿ ಇಳಿಸುವ ಮಾತನ್ನು ಅವರಿಗೇ ಬಿಡೋಣ. ಇಳಿಸುವಾಗ ಏನನ್ನು ಉಳಿಸಿಕೊಳ್ಳಬೇಕು ಅನ್ನುವುದು ನನ್ನ ಇವತ್ತಿನ ವಿಷಯ. ಉಳಿಸಿಕೊಳ್ಳಬೇಕಾದದ್ದು ಮಾಂಸಖಂಡ, ಅಂದರೆ ತೋಳು, ತೊಡೆ, ಬೆನ್ನು, ಮೀನಖಂಡಗಳಲ್ಲಿರುವ ಸ್ನಾಯು.

ಕುರುಗೋಡಿನ ಮೇಷ್ಟ್ರೊಬ್ಬರು ನನ್ನಲ್ಲಿಗೆ ಬಂದಿದ್ದರು. ಎರಡು ತಿಂಗಳಲ್ಲಿ ಒಂಬತ್ತು ಕಿಲೋ ಇಳಿದಿದ್ದರು. ಬೆಳಿಗ್ಗೆ ಅರ್ಧ ಪ್ಲೇಟು ಮಂಡಕ್ಕಿ ಒಗ್ಗರಣೆ, ಮಧ್ಯಾಹ್ನ ಸೌತೆಕಾಯಿ ಮತ್ತು ಒಂದು ರೊಟ್ಟಿ, ರಾತ್ರಿ ಚಹಾದ ಜತೆ ಎರಡು ಬಿಸ್ಕತ್ತು. ಅಷ್ಟೇ ಊಟ. "ಪ್ಯಾಂಟು ಲೂಜ್ ಆಗೈತೆ ಸಾರ್, ಆದ್ರೆ ನೆಲದ ಮೇಲೆ ಕುಂತ್ರೆ ಎದ್ದೇಳಾಕೆ ಕೈ ಊರಬೇಕಾಗೈತೆ" ಅಂದರು. ಸೊಂಟದ ಸುತ್ತಳತೆ ನೋಡಿದರೆ ಹೊಟ್ಟೆ ಇನ್ನೂ ಇತ್ತು. ತೊಡೆ ಮಾತ್ರ ಸೊರಗಿತ್ತು. ತಕ್ಕಡಿಯ ಮುಳ್ಳು ಹಿಂದಕ್ಕೆ ಬಂದಿತ್ತು ನಿಜ, ಆದರೆ ಹೋದದ್ದು ಯಾವುದು ಎಂದು ತಕ್ಕಡಿ ಹೇಳುವುದಿಲ್ಲವಲ್ಲ.

ಊಟ ಕಡಿಮೆಯಾದಾಗ ಮೈಯೊಳಗೆ ಏನಾಗುತ್ತದೆ ನೋಡಿ. ಮೊದಲ ಒಂದೆರಡು ದಿನ ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು, ಅಂದರೆ ಗ್ಲೈಕೋಜನ್, ಕರಗುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ, ಆ ನೀರೂ ಹೊರಟುಹೋಗುತ್ತದೆ. ಮೊದಲ ವಾರವೇ ಎರಡು ಕಿಲೋ ಇಳಿಯಿತು ಎಂದು ಸಂಭ್ರಮ ಪಡುವುದು ಬಹುಪಾಲು ಈ ನೀರಿಗಾಗಿ. ಆಮೇಲೆ ಕೊಬ್ಬು ಕರಗತೊಡಗುತ್ತದೆ. ಆದರೆ ಮೆದುಳಿಗೆ ಸಕ್ಕರೆ ಬೇಕು. ಕೊಬ್ಬಿನಿಂದ ಸಕ್ಕರೆ ತಯಾರಿಸುವ ಶಕ್ತಿ ನಮ್ಮ ದೇಹಕ್ಕೆ ತೀರಾ ಕಡಿಮೆ. ಆದ್ದರಿಂದ ಅದು ಸ್ನಾಯುವಿನ ಪ್ರೋಟೀನನ್ನು ಒಡೆದು ಸಕ್ಕರೆ ಮಾಡಿಕೊಳ್ಳುತ್ತದೆ. ಒಲೆಗೆ ಸೌದೆ ಸಾಲದೆ ಮನೆಯ ತೊಲೆಯನ್ನೇ ಕಿತ್ತು ಉರಿಸಿದ ಹಾಗೆ. ಕೊಬ್ಬಿಗೆ ಉಗ್ರಾಣವಿದೆ, ಪ್ರೋಟೀನಿಗೆ ಉಗ್ರಾಣವಿಲ್ಲ. ಮೈಯಲ್ಲಿರುವ ಪ್ರೋಟೀನೆಲ್ಲ ಯಾವುದಾದರೂ ಕೆಲಸಕ್ಕೆ ನೇಮಕವಾದದ್ದೇ.

ಕೇವಲ ಊಟ ಕಡಿಮೆ ಮಾಡಿ ತೂಕ ಇಳಿಸಿದರೆ, ಹೋದ ತೂಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಕೊಬ್ಬಲ್ಲದ ಅಂಶ ಇರುತ್ತದೆ. ಊಟ ತೀರಾ ಕಡಿಮೆಯಾದಷ್ಟೂ, ಅವಸರ ಹೆಚ್ಚಾದಷ್ಟೂ, ಮೊದಲೇ ಸಣಕಲಾಗಿದ್ದಷ್ಟೂ ಈ ಪಾಲು ಏರುತ್ತದೆ.

ಈ ವಿಷಯಕ್ಕೂ ನಮ್ಮ ಬಳ್ಳಾರಿ ಜಿಲ್ಲೆಗೂ ಹಳೆಯ, ಕಹಿಯಾದ ನಂಟಿದೆ. 1876ರಿಂದ 78ರವರೆಗೆ ಬಿದ್ದ ಮಹಾ ಬರದಲ್ಲಿ, ಹಿರಿಯರು ಧಾತು ಸಂವತ್ಸರದ ಬರ ಅನ್ನುತ್ತಿದ್ದರಲ್ಲ ಅದರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದೊಳಗೆ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಜನ ಹೊಟ್ಟೆಪಾಡಿಗೆ ಸರ್ಕಾರದ ಪರಿಹಾರ ಕಾಮಗಾರಿಗಳಲ್ಲಿ ಮಣ್ಣು ಹೊತ್ತರು, ಕಲ್ಲು ಒಡೆದರು. 1877ರ ಜನವರಿಯಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ, ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ ಮತ್ತು ಒಂದು ಸಣ್ಣ ಕಾಸು ಸಾಕು ಎಂದು ಕೂಲಿ ಇಳಿಸಿದ. ಹೆಣ್ಣಾಳಿಗೂ ಮಕ್ಕಳಿಗೂ ಅದಕ್ಕಿಂತ ಕಡಿಮೆ. ಒಂದು ಪೌಂಡು ಅಂದರೆ 454 ಗ್ರಾಂ. ಜೋಳವಾಗಲಿ ಅಕ್ಕಿಯಾಗಲಿ, ಅಷ್ಟರಿಂದ ಸಿಗುವುದು ಸುಮಾರು 1,600 ಕ್ಯಾಲೊರಿ. ಅಕ್ಕಿಯಾದರೆ ಪ್ರೋಟೀನು 35 ಗ್ರಾಂ ಆಸುಪಾಸು, ಜೋಳವಾದರೆ 45. ಇಡೀ ದಿನ ಗುದ್ದಲಿ ಹಿಡಿದವನಿಗೆ ಇಷ್ಟು!

ಇದನ್ನು ಖಡಾಖಂಡಿತವಾಗಿ ವಿರೋಧಿಸಿದವರು ಮದ್ರಾಸಿನ ಸ್ಯಾನಿಟರಿ ಕಮಿಷನರ್ ಆಗಿದ್ದ ವೈದ್ಯ ಡಬ್ಲ್ಯು. ಆರ್. ಕಾರ್ನಿಶ್. ದುಡಿಯುವ ಮೈಗೆ ಕನಿಷ್ಠ ಒಂದೂವರೆ ಪೌಂಡು ಧಾನ್ಯ ಬೇಕು, ಅದರ ಜತೆಗೆ ಬೇಳೆಕಾಳು, ತರಕಾರಿ ಬೇಕು ಎಂಬುದು ಅವರ ವಾದ. ಹೊಟ್ಟೆ ತುಂಬಿಸುವ ಆಹಾರ ಬೇರೆ, ಖಂಡ ಉಳಿಸುವ ಆಹಾರ ಬೇರೆ ಎಂಬ ವಿವೇಕ ಆ ವಾದದಲ್ಲಿತ್ತು. 1877ರ ಮಾರ್ಚಿನಲ್ಲಿ ಮದ್ರಾಸ್ ಸರ್ಕಾರ ಅವರ ಮಾತಿಗೆ ಅರ್ಧ ಮಣಿದು ಕೂಲಿಯನ್ನು ಒಂದೂಕಾಲು ಪೌಂಡಿಗೆ ಏರಿಸಿ, ಅದಕ್ಕೊಂದಿಷ್ಟು ಬೇಳೆ ಸೇರಿಸಿತು. ಅಷ್ಟರಲ್ಲಿ ಎಷ್ಟೋ ಜನರ ಪಾಲಿಗೆ ಹೊತ್ತು ಮೀರಿತ್ತು.

ಬರಕ್ಕೂ ಡಯಟ್ಟಿಗೂ ಹೋಲಿಕೆ ಮಾಡುವುದು ತರವಲ್ಲ. ಅವರದು ಗತಿಯಿಲ್ಲದ ಹಸಿವು, ನಮ್ಮದು ಬೇಕೆಂದು ತಂದುಕೊಂಡದ್ದು. ಆದರೆ ಸ್ನಾಯುವಿಗೆ ಆ ಭೇದ ತಿಳಿಯದು. ಇದಕ್ಕೆ ಪುರಾವೆ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಸಿಕ್ಕಿತು. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1945ರಲ್ಲಿ, ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರನ್ನು ಅವರ ಒಪ್ಪಿಗೆಯಿಂದಲೇ ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟರು. ದಿನಕ್ಕೆ ಸಿಕ್ಕಿದ್ದು ಸುಮಾರು 1,570 ಕ್ಯಾಲೊರಿ. ಟೆಂಪಲ್ ಸಾಹೇಬನ ಒಂದು ಪೌಂಡಿನ ಲೆಕ್ಕಕ್ಕೆ ಎಷ್ಟು ಹತ್ತಿರ ನೋಡಿ. ಊಟ ಬಹುಪಾಲು ಬ್ರೆಡ್ಡು, ಆಲೂಗಡ್ಡೆ, ಕೋಸು, ಗಡ್ಡೆಗೆಣಸು. ವಾರಕ್ಕೆ 22 ಮೈಲಿ, ಅಂದರೆ 35 ಕಿಲೋಮೀಟರು, ನಡೆಯಬೇಕಿತ್ತು. ಆರು ತಿಂಗಳ ಕೊನೆಗೆ ಅವರ ತೂಕದಲ್ಲಿ ಕಾಲು ಭಾಗ ಹೋಗಿತ್ತು. ಕೊಬ್ಬಿನ ಜತೆಗೆ ಮಾಂಸಖಂಡವೂ ಸುಮಾರು ಶೇಕಡಾ 40ರಷ್ಟು ಕರಗಿತ್ತು. ಆಮೇಲೆ ಹೊಟ್ಟೆ ತುಂಬ ಊಟ ಕೊಟ್ಟಾಗ ಮೊದಲು ಮರಳಿ ಬಂದದ್ದು ಕೊಬ್ಬು, ಅದೂ ಮೊದಲಿದ್ದದ್ದಕ್ಕಿಂತ ಹೆಚ್ಚಾಗಿ. ಸ್ನಾಯು ನಿಧಾನವಾಗಿ ಹಿಂದೆ ಬಂತು.

ಕ್ರಾಶ್ ಡಯಟ್ ಮಾಡಿ ಬಿಟ್ಟವರು "ಇಳಿದದ್ದಕ್ಕಿಂತ ಜಾಸ್ತಿ ಏರಿತು" ಎಂದು ಗೋಳಾಡುವುದರ ಹಿಂದಿನ ಗುಟ್ಟು ಇದು. ಹತ್ತು ಕಿಲೋ ಇಳಿದಾಗ ಮೂರು ಕಿಲೋ ಸ್ನಾಯು ಹೋಯಿತು ಅನ್ನಿ, ಹತ್ತು ಕಿಲೋ ಮರಳಿದಾಗ ಒಂಬತ್ತು ಕಿಲೋ ಕೊಬ್ಬೇ ಬಂತು ಅನ್ನಿ. ತಕ್ಕಡಿಯಲ್ಲಿ ಮನುಷ್ಯ ಅವನೇ, ಮೈ ಮಾತ್ರ ಬೇರೆ. ಎರಡು ಮೂರು ಸಲ ಹೀಗಾದರೆ ಐವತ್ತಕ್ಕೇ ಎಪ್ಪತ್ತರ ಕಾಲು ಬರುತ್ತವೆ.

ನಮ್ಮವರಿಗೆ ಇದು ಇನ್ನೂ ದುಬಾರಿ. ಭಾರತೀಯರು ನೋಡಲು ತೆಳ್ಳಗಿದ್ದರೂ ಒಳಗೆ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ ಎಂಬುದನ್ನು ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಜಗತ್ತಿಗೆ ಎತ್ತಿ ತೋರಿಸಿದರು. 2004ರಲ್ಲಿ ಅವರೂ ಅವರ ಬ್ರಿಟಿಷ್ ಗೆಳೆಯ ಯುಡ್ಕಿನ್ನರೂ ಪಕ್ಕಪಕ್ಕ ನಿಂತ ಒಂದು ಚಿತ್ರ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂತು. ಇಬ್ಬರ ಬಿ.ಎಂ.ಐ., ಅಂದರೆ ಎತ್ತರಕ್ಕೆ ಹೋಲಿಸಿದ ತೂಕ, ಒಂದೇ, 22.3. ಯುಡ್ಕಿನ್ನರ ಮೈಕೊಬ್ಬು ಶೇಕಡಾ 9.1, ಯಾಜ್ಞಿಕರದ್ದು 21.2. ಊಟವಾದ ಮೇಲೆ ರಕ್ತಕ್ಕೆ ಬರುವ ಸಕ್ಕರೆಯನ್ನು ಹೀರಿಕೊಳ್ಳುವ ದೊಡ್ಡ ಜಾಗವೇ ಸ್ನಾಯು. ಸಕ್ಕರೆ ಕಾಯಿಲೆ ಬಂತೆಂದು ಊಟ ಬಿಟ್ಟು, ಸ್ನಾಯು ಕಳೆದುಕೊಂಡರೆ, ಸಕ್ಕರೆ ಹೋಗಿ ಸೇರಬೇಕಾದ ಮನೆಯ ಬಾಗಿಲನ್ನು ನಾವೇ ಹಾಕಿದಂತೆ ಆಯಿತಲ್ಲವೇ?

ಹಾಗಾದರೆ ತೂಕ ಇಳಿಸುವುದೇ ಬೇಡವೇ ಅಂದರೆ, ಬೇಕು. ಗಂಡಸರ ಸೊಂಟ 90 ಸೆಂಟಿಮೀಟರ್, ಹೆಂಗಸರದ್ದು 80 ದಾಟಿದರೆ ಇಳಿಸಲೇಬೇಕು. ಆದರೆ ಉಣ್ಣುವುದು ಕಡಿಮೆಯಾದರೂ ಈ ಸ್ನಾಯು ಬೇಕೇ ಬೇಕು ಎಂದು ಮೈಗೆ ಪ್ರತಿವಾರ ನೆನಪಿಸುತ್ತಿರಬೇಕು. ನೆನಪಿಸುವುದು ಭಾರ ಎತ್ತುವುದರಿಂದ.

ಭಾರ ಎತ್ತುವುದು ನಮ್ಮ ಸೀಮೆಗೆ ಹೊಸತಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ದಿನಚರಿ ಬರೆದಿಟ್ಟಿದ್ದಾನೆ. ರಾಯ ಬೆಳಕು ಹರಿಯುವ ಮುಂಚೆ ಮುಕ್ಕಾಲು ಪಿಂಟು ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಅದೇ ಎಣ್ಣೆ ಬಳಿದುಕೊಂಡು, ಮಣ್ಣಿನಿಂದ ಮಾಡಿದ ಭಾರದ ತೂಕಗಳನ್ನು ತೋಳಲ್ಲಿ ಎತ್ತುತ್ತಿದ್ದ. ಆಮೇಲೆ ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಕತ್ತಿ ವರಸೆ, ಬಳಿಕ ಜಟ್ಟಿಯೊಬ್ಬನ ಜತೆ ಕುಸ್ತಿ, ಅದಾದ ಮೇಲೆ ಕುದುರೆ ಸವಾರಿ. ಎಳ್ಳೆಣ್ಣೆಯ ಪಾಠವನ್ನು ಮಾತ್ರ ನೀವು ಕಲಿಯಬೇಡಿ. ಅಷ್ಟು ಎಣ್ಣೆಯಲ್ಲಿ ಮೂರು ಸಾವಿರ ಕ್ಯಾಲೊರಿಯ ಹತ್ತಿರ ಇರುತ್ತದೆ, ನಮಗೆ ಏರಲು ಕುದುರೆಯೂ ಇಲ್ಲ. ಉಳಿದದ್ದೆಲ್ಲ ಇವತ್ತಿಗೂ ಸಲ್ಲುತ್ತದೆ. ನಮ್ಮ ಕಡೆಯ ಗರಡಿಮನೆಯ ದಂಡ, ಬಸ್ಕಿ, ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಪಂದ್ಯ, ಎಲ್ಲ ಅದೇ ಜಾತಿಯವು.

ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ 75 ಕಿಲೋ ಭತ್ತದ ಚೀಲ ಹೊರುವ ಹಮಾಲರಿಗೆ ನನ್ನ ಈ ಭಾಷಣ ಬೇಡ. ಬಳ್ಳಾರಿಯ ಜೀನ್ಸ್ ಶೆಡ್ಡುಗಳಲ್ಲಿ ದಿನವಿಡೀ ಮಿಷನ್ನಿನ ಮುಂದೆ ಕೂತವರಿಗೆ, ಅಂಗಡಿಯ ಗಲ್ಲಾ ಮುಂದೆ, ಕಚೇರಿಯ ಕಂಪ್ಯೂಟರ್ ಮುಂದೆ ಕೂತವರಿಗೆ ಬೇಕು. ಜಿಮ್ಮಿಗೆ ಹೋಗುವವರು ಹೋಗಲಿ. ಹೋಗದವರಿಗೆ ಮನೆಯೇ ಸಾಕು. ಕುರ್ಚಿಯ ಮೇಲೆ ಕೂತು ಕೈ ಊರದೆ ಏಳುವುದು, ಅದು ಹಗುರಾದ ಮೇಲೆ ಬಸ್ಕಿ. ಗೋಡೆಗೆ ಕೈಯಿಟ್ಟು ದಂಡ, ಅದು ಹಗುರಾದ ಮೇಲೆ ಮಂಚದ ಅಂಚಿಗೆ, ಆಮೇಲೆ ನೆಲಕ್ಕೆ. ಎರಡೂ ಕೈಯಲ್ಲಿ ನೀರು ತುಂಬಿದ ಬಿಂದಿಗೆ ಹಿಡಿದು ಅಂಗಳದಲ್ಲಿ ನಡೆಯುವುದು. ಹತ್ತು ಕಿಲೋ ಅಕ್ಕಿ ಚೀಲವನ್ನು ಬೆನ್ನು ಬಾಗಿಸದೆ, ಮಂಡಿ ಮಡಚಿ ನೆಲದಿಂದ ಎತ್ತಿ ಇಳಿಸುವುದು. ಒಂದೊಂದನ್ನೂ ಎಂಟು ಹತ್ತು ಸಲ ಮಾಡುವಷ್ಟರಲ್ಲಿ "ಇನ್ನೊಂದೆರಡು ಆದರೆ ಕಷ್ಟ" ಅನ್ನಿಸಬೇಕು. ಅನ್ನಿಸದಿದ್ದರೆ ಭಾರ ಸಾಲದು. ವಾರಕ್ಕೆ ಎರಡು ಮೂರು ದಿನ ಅರ್ಧ ಗಂಟೆ. ನಡಿಗೆ ಒಳ್ಳೆಯದೇ, ಬಿಡಬೇಡಿ. ಆದರೆ ಮಿನ್ನೆಸೋಟದ ಹುಡುಗರು ವಾರಕ್ಕೆ 35 ಕಿಲೋಮೀಟರು ನಡೆದೂ ಖಂಡ ಕಳೆದುಕೊಂಡರು ಎಂಬುದು ನೆನಪಿರಲಿ.

"ಭಾರ ಎತ್ತಿದರೆ ನಾವೂ ಪೈಲ್ವಾನರ ಹಂಗೆ ಆಗ್ತೀವಾ?" ಎಂದು ಅಕ್ಕಂದಿರು ಕೇಳುವುದುಂಟು. ಇಲ್ಲ ತಾಯಿ. ಪೈಲ್ವಾನರಾಗುವುದು ಅಷ್ಟು ಸುಲಭವಾಗಿದ್ದರೆ ಗರಡಿಯಲ್ಲಿ ವರ್ಷಗಟ್ಟಲೆ ಮಣ್ಣು ಮುಕ್ಕುವ ಹುಡುಗರು ಅಷ್ಟು ಕಷ್ಟಪಡುತ್ತಿರಲಿಲ್ಲ. ಊಟ ಕಡಿಮೆ ಮಾಡಿದ ಕಾಲದಲ್ಲಂತೂ ಇದ್ದದ್ದು ಉಳಿದರೆ ಅದೇ ದೊಡ್ಡ ಲಾಭ.

ಇನ್ನು ತಟ್ಟೆಗೆ ಬರೋಣ. ನಮ್ಮ ತಪ್ಪು ಇರುವುದು ಹೆಚ್ಚಾಗಿ ಇಲ್ಲೇ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ಕಾಲುವೆಗೆ ನೀರು ಹರಿದ ಮೇಲೆ ಸಿರುಗುಪ್ಪ, ಕುರುಗೋಡು ಕಡೆಯ ಹೊಲಗಳೆಲ್ಲ ಗದ್ದೆಗಳಾದವು. ಜೋಳ, ನವಣೆ, ಕಾಳುಕಡ್ಡಿ ಬೆಳೆಯುತ್ತಿದ್ದಲ್ಲಿ ಭತ್ತ ಬಂತು. ಊರು ಸಿರಿವಂತವಾಯಿತು, ತಟ್ಟೆಯ ನಡುವೆ ಅನ್ನದ ಗುಡ್ಡೆ ಎದ್ದಿತು. ತಿಂಡಿಗೂ ಅಕ್ಕಿಯ ಮಂಡಕ್ಕಿಯೇ. ಒಗ್ಗರಣೆ ಮಿರ್ಚಿ ನನಗೂ ಪ್ರಾಣ, ಆದರೆ ಅದರ ಮೇಲೆ ಉದುರಿಸುವ ಪುಟಾಣಿ ಹಿಟ್ಟನ್ನು ಬಿಟ್ಟರೆ ಹೇಳಿಕೊಳ್ಳುವಂಥ ಪ್ರೋಟೀನು ಅದರಲ್ಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐ.ಸಿ.ಎಂ.ಆರ್.ನವರು ದೇಶದಾದ್ಯಂತ ನಡೆಸಿ 2025ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರವೂ ಭಾರತೀಯರಿಗೆ ಊಟದಿಂದ ಸಿಗುವ ಶಕ್ತಿಯಲ್ಲಿ ಶೇಕಡಾ 62ರಷ್ಟು ಪಿಷ್ಟ, ಸಕ್ಕರೆಗಳಿಂದಲೇ ಬರುತ್ತಿದೆ, ಪ್ರೋಟೀನಿನಿಂದ ಬರುವುದು 12ರಷ್ಟು ಮಾತ್ರ.

ಡಯಟ್ ಶುರುವಾದ ದಿನ ನಮ್ಮವರು ಮಾಡುವುದೇನು? ಎಲ್ಲವನ್ನೂ ಅರ್ಧ ಮಾಡುತ್ತಾರೆ. ಅನ್ನ ಅರ್ಧ, ಬೇಳೆ ಅರ್ಧ, ಮೊಸರು "ಕೊಬ್ಬು" ಎಂದು ಬಂದ್, ಮೊಟ್ಟೆ ಬಂದ್. ಸೋಮವಾರ ಉಪವಾಸ ಎಂದರೆ ಸಾಬೂದಾನಿ ಕಿಚಡಿ. ಸಾಬೂದಾನಿ ಶುದ್ಧ ಪಿಷ್ಟ, ಪ್ರೋಟೀನು ಇಲ್ಲವೆಂದೇ ಹೇಳಬೇಕು. ಅರ್ಧ ಮಾಡಬೇಕಾದದ್ದು ಅನ್ನ, ಎಣ್ಣೆ, ಸಕ್ಕರೆ, ಕರಿದದ್ದು. ಬೇಳೆ, ಕಾಳು, ಹಾಲು, ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು, ಕೋಳಿ, ಇವು ಮೊದಲಿಗಿಂತ ಹೆಚ್ಚಾಗಬೇಕು. ಊಟ ಕಡಿಮೆಯಾದಾಗ ಪ್ರೋಟೀನು ಹೆಚ್ಚು ಬೇಕು ಎಂಬುದು ತಲೆಕೆಳಗಿನ ಮಾತಿನಂತೆ ಕೇಳಿಸಬಹುದು, ಆದರೆ ಶಾಸ್ತ್ರ ಇರುವುದೇ ಹಾಗೆ.

ಎಷ್ಟು? ಸಾಮಾನ್ಯ ದಿನಗಳಿಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುವುದು ಮೈತೂಕದ ಕಿಲೋಗೆ 0.83 ಗ್ರಾಂ. ತೂಕ ಇಳಿಸುವ ಕಾಲಕ್ಕೆ 1.2ರಿಂದ 1.6 ಗ್ರಾಂ ಎಂದಿಟ್ಟುಕೊಳ್ಳಿ, ಅದೂ ಈಗಿನ ತೂಕಕ್ಕಲ್ಲ, ತಲುಪಬೇಕೆಂದಿರುವ ತೂಕಕ್ಕೆ. 60 ಕಿಲೋ ಗುರಿಯವರಿಗೆ 72ರಿಂದ 96 ಗ್ರಾಂ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಮುಂದೆ ಹೋಗಿತ್ತು. ದಪ್ಪಗಿದ್ದ ಯುವಕರ ಊಟವನ್ನು ನಾಲ್ಕು ವಾರ ಶೇಕಡಾ 40ರಷ್ಟು ಕಡಿತ ಮಾಡಿ, ಎಲ್ಲರಿಂದಲೂ ಭಾರ ಎತ್ತುವುದೂ ಸೇರಿದ ಕಠಿಣ ವ್ಯಾಯಾಮ ಮಾಡಿಸಿದರು. ಕಿಲೋಗೆ 1.2 ಗ್ರಾಂ ಪ್ರೋಟೀನು ತಿಂದವರ ಸ್ನಾಯು ಇದ್ದಷ್ಟೇ ಉಳಿಯಿತು, ಕೊಬ್ಬು ಮೂರೂವರೆ ಕಿಲೋ ಇಳಿಯಿತು. 2.4 ಗ್ರಾಂ ತಿಂದವರಿಗೆ ಸ್ನಾಯು ಕಿಲೋಗೂ ಮಿಕ್ಕಿ ಏರಿತು, ಕೊಬ್ಬು 4.8 ಕಿಲೋ ಇಳಿಯಿತು. ಅಷ್ಟೊಂದು ತಿನ್ನಿ ಎಂದು ನಾನು ಹೇಳುತ್ತಿಲ್ಲ. ಕಡಿಮೆ ಪ್ರೋಟೀನಿನ ಗುಂಪಿನವರಿಗೂ ಭಾರ ಎತ್ತಿದ್ದರಿಂದ ಸ್ನಾಯು ಉಳಿಯಿತು ಎಂಬುದನ್ನು ಗಮನಿಸಿ.

ಇದಕ್ಕೆ ಪೌಡರ್ ಡಬ್ಬಿಗೆ ಸಾವಿರಾರು ರೂಪಾಯಿ ಸುರಿಯಬೇಕಿಲ್ಲ. ಮೂರು ಜೋಳದ ರೊಟ್ಟಿಯಲ್ಲಿ 12 ಗ್ರಾಂ. ದಿನಕ್ಕೆ ಎಲ್ಲ ಸೇರಿ 75 ಗ್ರಾಂ ಒಣ ಕಾಳು, ಹೆಸರೋ ಮಡಿಕೆಯೋ ಹುರುಳಿಯೋ ತೊಗರಿಬೇಳೆಯೋ, ನೆನೆಸಿ ಪಲ್ಯ ಮಾಡಿ, ಸಾರು ಮಾಡಿ, ಅದರಿಂದ 17 ಗ್ರಾಂ. ಅರ್ಧ ಲೀಟರ್ ಹಾಲು ಮೊಸರಿನಿಂದ 16. ಎರಡು ಮೊಟ್ಟೆಯಿಂದ 12. ಮೂವತ್ತು ಗ್ರಾಂ ಸೋಯಾ ಚಂಕ್ಸ್‌ನಿಂದ 15. ಒಟ್ಟು 72. ಮೊಟ್ಟೆ ತಿನ್ನದವರು 50 ಗ್ರಾಂ ಪುಟಾಣಿ ತಿಂದರೆ ಅದರಿಂದಲೇ 11 ಗ್ರಾಂ ಬಂತು. ಶೇಂಗಾದ ವಿಷಯದಲ್ಲಿ ಮಾತ್ರ ಕೈ ಬಿಗಿ ಇರಲಿ. ಪ್ರೋಟೀನು ಇದೆ ನಿಜ, ಆದರೆ ನೂರು ಗ್ರಾಮಿಗೆ 560 ಕ್ಯಾಲೊರಿಗೂ ಮಿಕ್ಕಿ. ರೊಟ್ಟಿಗೆ ಶೇಂಗಾ ಚಟ್ನಿ ಎರಡು ಚಮಚ ಇರಲಿ, ಬಟ್ಟಲು ಬೇಡ. ಇದೆಲ್ಲವನ್ನೂ ರಾತ್ರಿ ಒಂದೇ ಹೊತ್ತಿಗೆ ಸುರಿದುಕೊಳ್ಳದೆ ಮೂರು ಹೊತ್ತಿಗೂ ಹಂಚಿ. ಬೆಳಗಿನ ತಿಂಡಿಯೇ ನಮ್ಮಲ್ಲಿ ಬಡವಾಗಿರುವುದು. ಮಂಡಕ್ಕಿಯ ಬದಲು ಹೆಸರುಕಾಳಿನ ದೋಸೆ ಮಾಡಿ ನೋಡಿ.

ಅವಸರ ಬೇಡ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ದಿನಕ್ಕೆ 500 ಕಡಿಮೆ ತಿಂದರೆ ವಾರಕ್ಕೆ ಅರ್ಧ ಕಿಲೋದ ಹತ್ತಿರ ಇಳಿಯುತ್ತೀರಿ, ಸಾಕು. ಮದುವೆ ಬಂತು, ತಿಂಗಳಲ್ಲಿ ಹತ್ತು ಕಿಲೋ ಇಳಿಯಬೇಕು ಅನ್ನುವವರಿಗೆ ಬಟ್ಟೆ ದೊಡ್ಡದು ಹೊಲಿಸಿಕೊಳ್ಳಿ ಅನ್ನುತ್ತೇನೆ. ದಿನಕ್ಕೆ 1,200 ಕ್ಯಾಲೊರಿಗಿಂತ ಕೆಳಗೆ ಇಳಿಯುವುದು ವೈದ್ಯರ ಕಣ್ಣಳತೆಯಲ್ಲಿ ಮಾತ್ರ. ಕುಸ್ತಿಪಟುಗಳು ಎರಡು ದಿನದಲ್ಲಿ ಕಿಲೋಗಟ್ಟಲೆ ಇಳಿಸುತ್ತಾರಲ್ಲ ಎಂದು ಕೇಳಬಹುದು. ಅವರು ಇಳಿಸುವುದು ನೀರನ್ನು, ತಜ್ಞರ ಕಾವಲಿನಲ್ಲಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ ರಾತ್ರಿಯಿಡೀ ಹೆಣಗಿಯೂ ನೂರು ಗ್ರಾಂ ಹೆಚ್ಚು ಉಳಿದು ಫೈನಲ್ ಅವಕಾಶ ಕಳೆದುಕೊಂಡದ್ದು ಎಲ್ಲರಿಗೂ ಗೊತ್ತು. ಅದು ನಮ್ಮ ನಿಮ್ಮ ದಾರಿಯಲ್ಲ.

ನಿದ್ದೆಯ ಬಗ್ಗೆ ಒಂದು ಮಾತು. ಶಿಕಾಗೋದಲ್ಲಿ ಹತ್ತು ಜನರ ಮೇಲೆ ನಡೆಸಿದ ಒಂದು ಸಣ್ಣ ಪ್ರಯೋಗ 2010ರಲ್ಲಿ ಪ್ರಕಟವಾಯಿತು. ಒಂದೇ ಬಗೆಯ ಊಟ, ಎರಡು ವಾರ ಎಂಟೂವರೆ ಗಂಟೆ ಹಾಸಿಗೆ, ಎರಡು ವಾರ ಐದೂವರೆ. ನಿದ್ದೆಗೆಟ್ಟ ವಾರಗಳಲ್ಲಿ ಕೊಬ್ಬು ಕರಗಿದ್ದು ಅರ್ಧಕ್ಕೂ ಕಡಿಮೆ, ಸ್ನಾಯು ಹೋದದ್ದು ಶೇಕಡಾ 60 ಹೆಚ್ಚು. ರಾತ್ರಿ ಹನ್ನೆರಡರ ತನಕ ಮೊಬೈಲು ನೋಡಿ ಬೆಳಿಗ್ಗೆ ಐದಕ್ಕೆದ್ದು ವಾಕಿಂಗ್ ಹೋಗುವ ಮಹನೀಯರು ಕೇಳಿಸಿಕೊಳ್ಳಲಿ.

2025ರಿಂದ ನಮ್ಮ ದೇಶದಲ್ಲೂ ವಾರಕ್ಕೊಂದು ತೂಕ ಇಳಿಸುವ ಇಂಜೆಕ್ಷನ್ನುಗಳು ಸಿಗುತ್ತಿವೆ. ಹಸಿವೆಯನ್ನೇ ಅಡಗಿಸುವ ಔಷಧಿಗಳು ಅವು. ಕೆಲವರಿಗೆ ನಿಜಕ್ಕೂ ಉಪಕಾರಿ. ಆದರೆ ಅವುಗಳಿಂದ ಹೋದ ತೂಕದಲ್ಲೂ ಕಾಲು ಭಾಗದಿಂದ ಐದರಲ್ಲಿ ಎರಡು ಭಾಗದವರೆಗೆ ಕೊಬ್ಬಲ್ಲದ ಅಂಶ ಇರುವುದು ಪ್ರಯೋಗಗಳಲ್ಲಿ ಕಂಡಿದೆ. ಸೂಜಿ ಚುಚ್ಚಿಸಿಕೊಂಡವರಿಗೂ ಬಸ್ಕಿ, ಬೇಳೆ ತಪ್ಪಿದ್ದಲ್ಲ.

ಸ್ನಾಯು ಉಳಿದಿದೆಯೋ ಇಲ್ಲವೋ ತಿಳಿಯಲು ದುಬಾರಿ ಸ್ಕ್ಯಾನು ಬೇಡ. ಬಳ್ಳಾರಿ ಸೀಮೆಯಲ್ಲಿ ದರ್ಜಿಯ ಟೇಪಿಗೇನು ಕೊರತೆ? ತಿಂಗಳಿಗೊಮ್ಮೆ ಸೊಂಟ ಅಳೆಯಿರಿ, ಮೀನಖಂಡದ ಅತಿ ದಪ್ಪನೆಯ ಜಾಗವನ್ನೂ ಅಳೆಯಿರಿ. ಸೊಂಟ ಇಳಿಯಬೇಕು, ಮೀನಖಂಡ ಇಳಿಯಬಾರದು. ಗಂಡಸರಿಗೆ 34, ಹೆಂಗಸರಿಗೆ 33 ಸೆಂಟಿಮೀಟರಿಗಿಂತ ಕಡಿಮೆಯಾದರೆ ಎಚ್ಚರ ವಹಿಸಬೇಕೆಂದು ಏಷ್ಯಾದ ತಜ್ಞರು 2019ರಲ್ಲಿ ಗುರುತು ಹಾಕಿದ್ದಾರೆ. ಇನ್ನೊಂದು ಪರೀಕ್ಷೆ ಇದೆ. ಎದೆಯ ಮೇಲೆ ಕೈಕಟ್ಟಿ ಕುರ್ಚಿಯಿಂದ ಐದು ಸಲ ಎದ್ದು ಕೂಡಿ. ಹನ್ನೆರಡು ಸೆಕೆಂಡು ಹಿಡಿದರೆ, ಅಥವಾ ಅದಕ್ಕಿಂತ ಹೆಚ್ಚು ಬೇಕಾದರೆ, ಕಾಲಿನ ಬಲ ಸಾಲದು ಎಂದರ್ಥ. ಮೊದಲು ಹೇಳಿದ ಮೇಷ್ಟ್ರಿಗೆ ನಾನು ಊಟ ಹೆಚ್ಚಿಸಿ, ಕಾಳು ಸೇರಿಸಿ, ಬಸ್ಕಿ ಹೊಡೆಯಲು ಹೇಳಿ ಕಳಿಸಿದೆ. ತೂಕ ಸ್ವಲ್ಪ ಏರಿತೆಂದು ಆಮೇಲೆ ಮುನಿಸಿಕೊಂಡರು. ಸೊಂಟ ಕಡಿಮೆಯಾದದ್ದನ್ನು ಟೇಪು ಹಿಡಿದು ತೋರಿಸಿದ ಮೇಲೆ ಸುಮ್ಮನಾದರು.

ಕೊನೆಯದಾಗಿ ಒಂದು ಮುಖ್ಯ ಸೂಚನೆ. ಮೂತ್ರಪಿಂಡದ ತೊಂದರೆ ಇರುವವರು ಈ ಭಾಷಣ ಕೇಳಿ ಪ್ರೋಟೀನು ಹೆಚ್ಚಿಸಬೇಡಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಕಡಿಮೆ ಮಾಡಬೇಡಿ, ಸಕ್ಕರೆ ಒಮ್ಮೆಲೇ ಕುಸಿದು ಪ್ರಾಣಕ್ಕೆ ಕುತ್ತು ಬರಬಹುದು. ಬಸುರಿ, ಬಾಣಂತಿಯರಿಗೆ ಡಯಟ್ಟಿನ ಮಾತೇ ಇಲ್ಲ. ಎದೆನೋವು, ಏರಿದ ರಕ್ತದೊತ್ತಡ ಇರುವವರು ಭಾರ ಎತ್ತುವ ಮುಂಚೆ ತೋರಿಸಿಕೊಳ್ಳಿ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತದ ಸಕ್ಕರೆ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಬಿ.ಪಿ. ಮೂರನ್ನೂ ಮೊದಲು ನೋಡಿಸಿಕೊಂಡು, ಆಮೇಲೆ ತಟ್ಟೆಗೆ ಕೈ ಹಚ್ಚಿ.